ತಳದಿಂದ ಅಳೆದ ನೀರು: ಬಖ್ಮೆತೆಫ್ ಮತ್ತು ತೆರೆದ ನಾಲೆಯ ಶಾಸ್ತ್ರ

ನಾಲೆಯಲ್ಲಿ ಒಂದು ಮೀಟರ್ ಆಳದ ನೀರು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಹರಿಯುತ್ತಿದೆ ಎನ್ನಿ. ತಳದಲ್ಲಿ ಅಡ್ಡಲಾಗಿ 20 ಸೆಂಟಿಮೀಟರ್ ಎತ್ತರದ ನುಣುಪಾದ ದಿಬ್ಬ ಕಟ್ಟಿದರೆ ಅದರ ಮೇಲೆ ನೀರಿನ ಮಟ್ಟ ಏರುತ್ತದೋ, ಇಳಿಯುತ್ತದೋ? ಏರುತ್ತದೆ ಎಂದೇ ಅನ್ನಿಸುತ್ತದೆ. ಆದರೆ ಘರ್ಷಣೆಯ ನಷ್ಟ ಬಿಟ್ಟು ಲೆಕ್ಕ ಹಾಕಿದರೆ ಮಟ್ಟ ಹೆಚ್ಚುಕಡಿಮೆ 4 ಸೆಂಟಿಮೀಟರ್ ಇಳಿಯುತ್ತದೆ. ದಿಬ್ಬ ಸುಮಾರು 35 ಸೆಂಟಿಮೀಟರ್ ದಾಟಿದ ಮೇಲಷ್ಟೇ ಹಿಂದಿನ ನೀರು ಏರತೊಡಗುತ್ತದೆ.

ಇದನ್ನು ಒಂದೇ ಗೆರೆಚಿತ್ರದಲ್ಲಿ ತೋರಿಸುವ ದಾರಿ ಹಾಕಿಕೊಟ್ಟವರು ಬೋರಿಸ್ ಬಖ್ಮೆತೆಫ್. 1880ರಲ್ಲಿ ಟಿಫ್ಲಿಸ್‌ನಲ್ಲಿ ಹುಟ್ಟಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಎಂಜಿನಿಯರಿಂಗ್ ಓದಿ, ಅಲ್ಲಿಯ ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿದವರು.

ಅವರಿಗಿಂತ ಮುಂಚೆ ಸೂತ್ರಗಳಿಗೇನೂ ಬರವಿರಲಿಲ್ಲ. 18ನೇ ಶತಮಾನದಲ್ಲೇ ಆಂಟ್ವಾನ್ ಶೆಜಿ ಪ್ಯಾರಿಸ್ಸಿಗೆ ನೀರು ತರುವ ಕಾಲುವೆಗಾಗಿ ಇಳಿಜಾರಿಗೂ ವೇಗಕ್ಕೂ ಗಂಟು ಹಾಕಿದ್ದ. 1889ರಲ್ಲಿ ಐರ್ಲೆಂಡಿನ ರಾಬರ್ಟ್ ಮ್ಯಾನಿಂಗ್ ಮಂಡಿಸಿದ ಸೂತ್ರ ಇವತ್ತಿಗೂ ಎಂಜಿನಿಯರುಗಳ ಬಾಯಲ್ಲಿದೆ. ಇವೆಲ್ಲ ನಾಲೆಯುದ್ದಕ್ಕೂ ಆಳ ಒಂದೇ ಸಮ ಇದ್ದಾಗ ಸರಿ. ಅಣೆಕಟ್ಟಿನ ಹಿಂದೆ, ಗೇಟಿನ ಕೆಳಗೆ ಹಾಗಿರುವುದಿಲ್ಲವಲ್ಲ! ಬದಲಾಗುವ ಆಳಕ್ಕೆ ಫ್ರಾನ್ಸಿನ ಬೆಲಾಂಜೆ 1828ರಲ್ಲಿ ಕೈಹಾಕಿದ. 1860ರಲ್ಲಿ ಬ್ರೆಸ್ ಕೋಷ್ಟಕವನ್ನೂ ಮಾಡಿಕೊಟ್ಟ, ಆದರೆ ಅದು ತೀರಾ ಅಗಲವಾದ ಆಯತಾಕಾರದ ನಾಲೆಗೆ ಮಾತ್ರ.

1912ರಲ್ಲಿ ರಷ್ಯನ್ ಭಾಷೆಯಲ್ಲಿ ಬಂದ ಬಖ್ಮೆತೆಫ್ ಅವರ ಪುಸ್ತಕದ ಮುಖ್ಯ ಹೆಜ್ಜೆ ಕೇಳಲು ಬಲು ಸಣ್ಣದು: ನೀರಿನ ಶಕ್ತಿಯನ್ನು ಎಲ್ಲೋ ದೂರದ ಸಮತಲದಿಂದ ಅಳೆಯದೆ ನಾಲೆಯ ತಳದಿಂದಲೇ ಅಳೆಯುವುದು. ಆಳ, ಅದಕ್ಕೆ ಎತ್ತರದ ಲೆಕ್ಕದಲ್ಲೇ ಕೂಡಿಸಿದ ವೇಗದ ಪಾಲು, ಅಷ್ಟೇ. ಕಾಲೇಜುಗಳಲ್ಲಿ ಇದೇ ಸ್ಪೆಸಿಫಿಕ್ ಎನರ್ಜಿ. ಆಳದೆದುರು ಇದರ ಗೆರೆ ಎಳೆದರೆ, ಅಷ್ಟೇ ನೀರು ಅಷ್ಟೇ ಶಕ್ತಿಯಲ್ಲಿ ಎರಡು ಆಳದಲ್ಲಿ ಹರಿಯಬಹುದೆಂದು ಕಾಣುತ್ತದೆ: ಆಳವಾಗಿ ನಿಧಾನಕ್ಕೆ, ಇಲ್ಲವೇ ತೆಳ್ಳಗೆ ರಭಸದಿಂದ. ಶಕ್ತಿ ಅತಿ ಕಡಿಮೆಯಾಗುವಲ್ಲಿ ಎರಡೂ ಒಂದಾಗುತ್ತವೆ. ಅದು ಕ್ರಿಟಿಕಲ್ ಆಳ. ಆಯತಾಕಾರದ ನಾಲೆಯಲ್ಲಿ ಆ ಶಕ್ತಿಯ ಮೂರರಲ್ಲಿ ಎರಡು ಪಾಲು. ನಮ್ಮ ದಿಬ್ಬ ಶಕ್ತಿಯಲ್ಲಿ 20 ಸೆಂಟಿಮೀಟರ್ ಕಸಿದುಕೊಂಡು ನೀರನ್ನು ಆ ಬಿಂದುವಿನತ್ತ ತಳ್ಳುತ್ತದೆ. ಅದಕ್ಕೇ ಮಟ್ಟ ಕುಸಿಯುವುದು.

ಪುಸ್ತಕ ರಷ್ಯದಾಚೆ ಹೆಚ್ಚು ದೂರ ಹೋಗಲಿಲ್ಲ. ಲೇಖಕರೇ ಬೇರೆ ದಾರಿ ಹಿಡಿದರು. 1917ರಲ್ಲಿ ರಷ್ಯದ ತಾತ್ಕಾಲಿಕ ಸರ್ಕಾರ ಅವರನ್ನು ವಾಷಿಂಗ್ಟನ್‌ಗೆ ರಾಯಭಾರಿಯಾಗಿ ಕಳಿಸಿತು. ಕೆಲವೇ ತಿಂಗಳಲ್ಲಿ ಆ ಸರ್ಕಾರವೇ ಬಿದ್ದುಹೋಯಿತು, ಆದರೂ ಅಮೆರಿಕ 1922ರವರೆಗೆ ಅವರನ್ನೇ ರಾಯಭಾರಿಯೆಂದು ಮನ್ನಿಸಿತು. ಆಮೇಲೆ ಈ ನೀರಿನ ಮೇಷ್ಟ್ರು ಬೆಂಕಿಪೊಟ್ಟಣದ ಕಂಪನಿ ನಡೆಸಿ ಹಣವನ್ನೂ ಕಂಡರು!

1931ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದದ್ದು ಶಾಸ್ತ್ರದ ಪುಣ್ಯ. ಮರುವರ್ಷವೇ ತೆರೆದ ನಾಲೆಗಳ ಬಗ್ಗೆ ಅವರ ಇಂಗ್ಲಿಷ್ ಪುಸ್ತಕ ಬಂತು. ಬ್ರೆಸ್‌ನ ಕೋಷ್ಟಕದ ಮಿತಿಯನ್ನು ಮೀರಿ, ಬೇರೆಬೇರೆ ಆಕಾರದ ನಾಲೆಗಳಿಗೆ ಹೊಂದುವ ಕೋಷ್ಟಕಗಳು ಅದರಲ್ಲಿದ್ದವು. 1936ರಲ್ಲಿ ಮ್ಯಾಟ್ಸ್ಕೆ ಎಂಬುವರ ಜೊತೆ ಸೇರಿ ಹೈಡ್ರಾಲಿಕ್ ಜಂಪ್ ಬಗ್ಗೆ ಪ್ರಯೋಗಗಳ ಪ್ರಬಂಧ ಬರೆದರು. ರಭಸದ ನೀರು ಒಮ್ಮೆಲೇ ಉಕ್ಕಿ, ನೊರೆಯೆದ್ದು ನಿಧಾನವಾಗುವ ಜಾಗ ಅದು. ಕೋಡಿಯ ಕೆಳಗಿನ ತೊಟ್ಟಿಯನ್ನು ಎಷ್ಟು ಉದ್ದ ಕಟ್ಟಬೇಕೆಂಬುದು ಅದರ ಉದ್ದವನ್ನೇ ನಂಬಿಕೊಂಡಿದೆ. ಅದೇ ವರ್ಷ ಪ್ರಕ್ಷುಬ್ಧ ಹರಿವಿನ ಬಗ್ಗೆಯೂ ಪುಸ್ತಕ ತಂದರು. ನನಗೆ ಮಾತ್ರ 1932ರದೇ ದೊಡ್ಡದು. ಹೊಸ ಪ್ರಯೋಗಕ್ಕಿಂತ, ಚದುರಿದ್ದನ್ನು ಒಂದು ಯೋಚನೆಗೆ ಪೋಣಿಸಿದ್ದೇ ಅವರ ಕೆಲಸದ ಹಿರಿಮೆ. 1951ರಲ್ಲಿ ಅವರು ತೀರಿಕೊಂಡರು. 1959ರಲ್ಲಿ ವೆನ್ ಟೆ ಚೌ ಬರೆದ ಪಠ್ಯ ಈ ಅಡಿಪಾಯದ ಮೇಲೆಯೇ ನಿಂತಿತು.

ಬೆಂಗಳೂರಿಗೂ ಇದರ ಎಳೆ ಬಂದಿದೆ. ಟಾಟಾ ಇನ್‌ಸ್ಟಿಟ್ಯೂಟಿನ ಎನ್.ಎಸ್. ಗೋವಿಂದರಾವ್ ಮತ್ತು ಡಿ. ಮುರಳೀಧರ್ 1963ರಲ್ಲಿ, ನಮ್ಮ ದಿಬ್ಬದಂತೆಯೇ ಹರಿವಿಗೆ ಅಡ್ಡ ನಿಲ್ಲುವ ಒಡ್ಡಿನ ಮೇಲೆ ನಿಲ್ಲುವ ನೀರಿನ ಎತ್ತರವನ್ನು ಒಡ್ಡಿನ ತಲೆಯ ಅಗಲದಿಂದ ಭಾಗಿಸಿ ಒಡ್ಡುಗಳನ್ನು ವಿಂಗಡಿಸಿದರು. ಈ ಅನುಪಾತ 0.1ರಿಂದ 0.4ರೊಳಗಿದ್ದರೆ ಅಗಲ ತಲೆಯ ಒಡ್ಡು, ಬಖ್ಮೆತೆಫ್ ಲೆಕ್ಕ ಚೆನ್ನಾಗಿ ಒಪ್ಪುವ ಜಾಗ. ಅದನ್ನು ದಾಟಿದರೆ ನೀರಿನ ಎಳೆಗಳು ಬಾಗತೊಡಗುತ್ತವೆ, ಸರಳ ಲೆಕ್ಕ ಸಾಲುವುದಿಲ್ಲ.

ಬಖ್ಮೆತೆಫ್ ಅವರ ಕೋಷ್ಟಕಗಳನ್ನು ಈಗ ಹೆಚ್ಚಾಗಿ ಯಾರೂ ತೆರೆಯುವುದಿಲ್ಲ. ಆದರೆ ನೆರೆಯ ಮಟ್ಟ ಲೆಕ್ಕಹಾಕಲು 1995ರಿಂದ ಬಳಕೆಯಲ್ಲಿರುವ ಹೆಚ್‌ಇಸಿ-ರಾಸ್ ತಂತ್ರಾಂಶವೂ ಕ್ರಿಟಿಕಲ್ ಆಳ ಬೇಕಾದಾಗ ಹುಡುಕುವುದು ಶಕ್ತಿ ಅತಿ ಕಡಿಮೆಯಾಗುವ ಮಟ್ಟವನ್ನೇ.