ಮೈನ್‌ಫ್ಲಿಂಗೆನ್‌ನಿಂದ ಬರುವ ಸಮಯ

ಕೇಳುಗರೇ, ಜರ್ಮನಿಯಲ್ಲಿರುವ ಮಗ ಕೊಟ್ಟ ವಾಚು ಅಲ್ಲಿ ತಾನೇ ಟೈಮ್ ಸರಿಮಾಡಿಕೊಳ್ಳುತ್ತಿತ್ತು, ಇಲ್ಲೇಕೆ ಇಲ್ಲ ಎಂದು ನಿಮ್ಮಲ್ಲೊಬ್ಬರು ಕೇಳಿದ್ದೀರಿ. ವಾಚು ಕೆಟ್ಟಿಲ್ಲ. ಫ್ರಾಂಕ್‌ಫರ್ಟ್ ಹತ್ತಿರದ ಮೈನ್‌ಫ್ಲಿಂಗೆನ್‌ನಲ್ಲಿ 1959ರಿಂದ ಡಿಸಿಎಫ್77 ಎಂಬ ರೇಡಿಯೋ ಕೇಂದ್ರವಿದೆ. ಹಾಡಿಲ್ಲ, ವಾರ್ತೆಯಿಲ್ಲ, 77.5 ಕಿಲೋಹರ್ಟ್ಸ್‌ನಲ್ಲಿ ಪರಮಾಣು ಗಡಿಯಾರದ ಸಮಯ. 1973ರಿಂದ ಗಂಟೆ, ನಿಮಿಷ, ತಾರೀಖೂ ಸಂಕೇತವಾಗಿ ಬರುತ್ತಿವೆ. ಸೆಕೆಂಡಿಗೊಮ್ಮೆ ಅಲೆಯ ಬಲ ಕುಗ್ಗುತ್ತದೆ: 0.1 ಸೆಕೆಂಡ್ ಕುಗ್ಗಿದರೆ ಸೊನ್ನೆ, 0.2 ಆದರೆ ಒಂದು. ನಿಮಿಷದ ಕೊನೇ ಸೆಕೆಂಡಿನಲ್ಲಿ ಕುಗ್ಗುವುದೇ ಇಲ್ಲ, ಅದೇ ಹೊಸ ನಿಮಿಷದ ಸುಳಿವು. (ನಾವು ಉದ್ಘೋಷಕರು ಒಂದು ಸೆಕೆಂಡ್ ಬಿಟ್ಟರೆ ಬೈಗುಳ!) 1990ರಲ್ಲಿ ಯುಂಗ್‌ಹಾನ್ಸ್ ಕಂಪನಿ ಆಂಟೆನಾವನ್ನು ಬೆಲ್ಟಿನೊಳಗಿಟ್ಟು ಕೈಗಡಿಯಾರವನ್ನೇ ತಂದಿತು.

ಆದರೆ ಅಲೆ ಮುಟ್ಟುವುದು ಸುಮಾರು 2000 ಕಿಲೋಮೀಟರ್. ನಾವು ಅದರ ಮೂರು ಪಟ್ಟಿಗಿಂತಲೂ ಹೆಚ್ಚು ದೂರ. ಇಲ್ಲಿ ಕೈಯಲ್ಲೇ ಹೊಂದಿಸಿಕೊಳ್ಳಿ. ಮಗನ ಮನೆಗೆ ಹೋದಾಗ ರಾತ್ರಿ ಕಿಟಕಿ ಬಳಿ ಇಡಿ, ಬೆಳಗಾಗುವಷ್ಟರಲ್ಲಿ ಅಲ್ಲಿಯ ಸಮಯಕ್ಕೆ ಬಂದಿರುತ್ತದೆ.