ಆಗಸದಿಂದ ಇಳಿದ ಆಸ್ಪತ್ರೆ

ರಣರಂಗದಲ್ಲಿ ಗಾಯಗೊಂಡವನಿಗೆ ವೈರಿಯ ಗುಂಡಿನಷ್ಟೇ ನಿರ್ದಯವಾದುದು ಕಾಲ. ತೊಡೆಯ ದೊಡ್ಡ ರಕ್ತನಾಳ ತುಂಡಾದರೆ ಸಾವಿಗೆ ಕೆಲವೇ ನಿಮಿಷ ಸಾಕು. ಸಾಮಾನ್ಯ ಸಮರದಲ್ಲಿ ಗಾಯಾಳುವನ್ನು ಹೊತ್ತು ಹಿಂದಿನ ಆಸ್ಪತ್ರೆಗೆ ಸಾಗಿಸಬಹುದು. ಪ್ಯಾರಾಚೂಟ್ ಪಡೆ ಇಳಿಯುವುದು ವೈರಿಯ ಬೆನ್ನ ಹಿಂದೆ. ಅಲ್ಲಿಂದ ಮರಳುವ ದಾರಿ ಇರುವುದಿಲ್ಲ. ಆದ್ದರಿಂದ ಆಸ್ಪತ್ರೆಯೇ ಅವರೊಡನೆ ಧುಮುಕಬೇಕು.

ಎರಡನೇ ಮಹಾಯುದ್ಧದ ಕಾಲದಲ್ಲಿ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್‌ಗಳು ಹುಟ್ಟಿದ್ದು ಈ ಅಗತ್ಯದಿಂದ. ಇಲ್ಲಿ ಆಂಬುಲೆನ್ಸ್ ಎಂದರೆ ವಾಹನವಲ್ಲ. ಶಸ್ತ್ರವೈದ್ಯರು, ಅರಿವಳಿಕೆ ನೀಡುವವರು, ಶುಶ್ರೂಷಕರು, ಸ್ಟ್ರೆಚರ್ ಹೊರುವವರು ಸೇರಿದ ಸೇನಾ ಘಟಕ. ಇವರು ಎರಡು ವಿದ್ಯೆ ಕಲಿಯಬೇಕು: ವಿಮಾನದಿಂದ ಹಾರಿ ಕೈಕಾಲು ಮುರಿದುಕೊಳ್ಳದೆ ಇಳಿಯುವುದು, ಇಳಿದೊಡನೆ ಅದೇ ಕೈಗಳಿಂದ ರಕ್ತಸ್ರಾವ ತಡೆಯುವುದು.

ಕೊರಿಯಾ ಯುದ್ಧಕ್ಕೆ ಭಾರತ ಕಾದಾಡುವ ಸೈನ್ಯ ಕಳುಹಿಸಲಿಲ್ಲ. ಅದು ಕಳುಹಿಸಿದ್ದು 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸನ್ನು. 1950ರ ನವೆಂಬರ್‌ನಲ್ಲಿ ಕೊರಿಯಾ ತಲುಪಿದ ಈ ಘಟಕದ ಮುಖ್ಯಸ್ಥ ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್, 1941ರಲ್ಲಿ ಪ್ಯಾರಾಚೂಟ್ ಕಟ್ಟಿ ಹಾರಿದ ಮೊದಲ ಭಾರತೀಯರಲ್ಲೊಬ್ಬರು.

ಪರೀಕ್ಷೆ ಬೇಗನೆ ಬಂತು. ಚೀನೀ ಸೈನ್ಯ ಮುನ್ನುಗ್ಗಿದಾಗ ಪ್ಯೊಂಗ್‌ಯಾಂಗ್ ತೆರವು ಮಾಡಬೇಕಾಯಿತು. ಉಪಕರಣ ಸಾಗಿಸಲು ವಾಹನಗಳಿರಲಿಲ್ಲ. ಅವನ್ನು ಬಿಟ್ಟುಹೋದರೆ ಘಟಕ ಉಳಿದರೂ ಆಸ್ಪತ್ರೆ ಉಳಿಯುತ್ತಿರಲಿಲ್ಲ. ಸಿಬ್ಬಂದಿ ಹಳೆಯ ಉಗಿಬಂಡಿಯೊಂದನ್ನು ಹುಡುಕಿದರು. ಸಾಲಾಗಿ ನಿಂತು ಬಕೆಟ್‌ಗಳಲ್ಲಿ ನೀರು ತುಂಬಿಸಿ, ತಾವೇ ಅದನ್ನು ಓಡಿಸಿಕೊಂಡು, ಸೇತುವೆ ಸ್ಫೋಟಿಸುವ ಮುನ್ನ ನದಿ ದಾಟಿದರು.

1951ರ ಮಾರ್ಚ್ 23ರಂದು ಅಮೆರಿಕದ 187ನೇ ಪ್ಯಾರಾಚೂಟ್ ಪಡೆ ಮುನ್ಸಾನ್ ಬಳಿ ಧುಮುಕಿದಾಗ, ರಂಗರಾಜ್ ಸೇರಿ 12 ಭಾರತೀಯರೂ ಜೊತೆಗೆ ಹಾರಿದರು. ಇಳಿದ ನೆಲದ ಸನಿಹದಲ್ಲೇ ಗಾಯಾಳುಗಳ ಆರೈಕೆಗೆ ತೊಡಗಿದರು. ಘಟಕ ಮೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದು ಸೈನಿಕರೊಂದಿಗೆ ನಾಗರಿಕರಿಗೂ ಚಿಕಿತ್ಸೆ ನೀಡಿತು. ರಂಗರಾಜ್ ಅವರಿಗೆ ಮಹಾವೀರ ಚಕ್ರ ಸಂದಿತು.

ಇಂಥ ಘಟಕದ ಉಪಯೋಗ ಯುದ್ಧಕ್ಕಷ್ಟೇ ಸೀಮಿತವಲ್ಲ. ಭೂಕಂಪದಲ್ಲೂ ರಸ್ತೆ ಕಡಿಯುತ್ತದೆ, ಆಸ್ಪತ್ರೆ ಕುಸಿಯುತ್ತದೆ, ಕಾಲ ಓಡುತ್ತದೆ. 2023ರ ಫೆಬ್ರುವರಿಯಲ್ಲಿ ಟರ್ಕಿ ನಡುಗಿದಾಗ, 60ನೇ ಪ್ಯಾರಾ ಫೀಲ್ಡ್ ಆಸ್ಪತ್ರೆ ಎಂಬ ಹೆಸರಿನ ಅದೇ ಘಟಕ ಆಗ್ರಾದಿಂದ ಹೊರಟು ಇಸ್ಕೆಂದೆರುನ್‌ನಲ್ಲಿ ಚಿಕಿತ್ಸೆ ಆರಂಭಿಸಿತು. ಗಾಯಾಳು ಬರುವವರೆಗೆ ಕಾಯದೆ ಅವನಿದ್ದಲ್ಲಿಗೆ ಹೋಗುವ ಹಳೆಯ ಪಾಠ ಅದಕ್ಕೆ ಮರೆತಿರಲಿಲ್ಲ.