ಬಿಸಿಲೂರಿನ ಕೀಲೆಣ್ಣೆ

ನಮ್ಮ ತಂದೆಯವರು ಬೇಸಿಗೆಗೊಂದು ಬಗೆಯ, ಮಳೆಗಾಲಕ್ಕೊಂದು ಬಗೆಯ ಕೀಲೆಣ್ಣೆಯನ್ನು ಮಾಡುತ್ತಿದ್ದರು. ರಾಯಚೂರು ಸೀಮೆಯ ನಮ್ಮ ಹಳ್ಳಿಯಲ್ಲಿ, ನಾನು ಹುಡುಗನಾಗಿದ್ದ 1960ರ ದಶಕದ ಕೊನೆಯಲ್ಲಿ, ಬಂಡಿಯಿದ್ದ ಮನೆಗಳಿಗೆಲ್ಲ ಇದೊಂದು ತಪ್ಪದ ಕೆಲಸ. ಹುಲ್ಲನ್ನು ಸುಟ್ಟು, ಅದರ ಕರಿಯನ್ನು ಔಡಲೆಣ್ಣೆಯಲ್ಲಿ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ ಬಂಡಿಗೆ ತೂಗುಹಾಕುವುದು. ಗಾಲಿ ಕಿರ್ರೆಂದಾಗ ಕಡಾಣಿ ಕಿತ್ತು, ಗಾಲಿಯನ್ನು ಸರಿಸಿ, ಅಚ್ಚಿಗೆ ಬಳಿಯುವುದು. ಹಳೆಯ ಮೈಸೂರಿನವರು ಹರಳೆಣ್ಣೆ ಎನ್ನುವುದನ್ನೇ ನಾವು ಔಡಲೆಣ್ಣೆ ಎನ್ನುತ್ತೇವೆ. ಬೇಸಿಗೆಯಲ್ಲಿ ಕರಿ ಹೆಚ್ಚು, ಎಣ್ಣೆ ಕಡಿಮೆ. ಇಲ್ಲವಾದರೆ ಬಿಸಿಲಿಗೆ ಕರಗಿ ಸೋರಿಹೋಗುತ್ತದೆ ಎಂಬುದು ತಂದೆಯವರ ಲೆಕ್ಕ. ಬಿಸಿಲಿಗೆ ಮಂದವಾದ ಎಣ್ಣೆ, ತಂಪಿಗೆ ತೆಳುವಾದ ಎಣ್ಣೆ. ಈ ಸೂತ್ರವನ್ನು ನಾನು ಮಗ್ಗಿಯೊಡನೆಯೇ ಕಲಿತೆನೆನ್ನಬೇಕು.

ಸೂತ್ರವೇನೋ ಬಹುಕಾಲ ನನ್ನ ಕೈಬಿಡಲಿಲ್ಲ. 1993ರಲ್ಲಿ, ಕಲಬುರಗಿಯಲ್ಲಿ ಕನ್ನಡ ಪಾಠ ಹೇಳಿಕೊಂಡಿದ್ದಾಗ, ಹಳೆಯದೊಂದು ಪ್ರೀಮಿಯರ್ ಪದ್ಮಿನಿ ಕಾರನ್ನು ಕೊಂಡೆ. ತಗಡಿನ ಶೆಡ್ಡಿನ ಮಿಸ್ತ್ರಿ ಅದಕ್ಕೆ ನಲವತ್ತು ನಂಬರಿನ ಆಯಿಲ್ ಹಾಕುತ್ತಿದ್ದ. "ಬಿಸಿಲೂರ ಅದರಿ ಸರ, ಆಯಿಲ್ ಮಂದ ಇರಬೇಕ್ರಿ" ಎಂದು ಆತ ಹೇಳಿದಾಗ ತಂದೆಯವರೇ ಎದುರು ನಿಂತು ಮಾತಾಡಿದಂತಾಯಿತು. ಆ ಕಾರು ಹನ್ನೊಂದು ವರ್ಷ ತಕರಾರಿಲ್ಲದೆ ಓಡಿತು.

2019ರಲ್ಲಿ ನಿವೃತ್ತಿಯ ಹಣದಿಂದ ಹೊಸ ಕಾರು ಬಂತು. ಅದರೊಂದಿಗೆ ಬಂದ ಕೈಪಿಡಿಯಲ್ಲಿ ಎಂಜಿನ್ ಆಯಿಲು 5ಡಬ್ಲ್ಯು-30 ಆಗಿರಬೇಕೆಂದು ಅಚ್ಚಾಗಿತ್ತು. ನೀರಿನಂತಹ ಆ ಎಣ್ಣೆಯನ್ನು ಬೆರಳಿನಲ್ಲಿ ಮುಟ್ಟಿ ನೋಡಿ ನನಗೆ ನಗು ಬಂತು. ಮೇ ತಿಂಗಳಲ್ಲಿ 42 ಡಿಗ್ರಿ ಏರುವ ಊರಿಗೆ ಇದೇ? 20ಡಬ್ಲ್ಯು-50 ಹಾಕೆಂದೆ. ರಿಪೇರಿಯ ಹುಡುಗ ಅಳುಕುತ್ತಲೇ, "ಸರ, ಬುಕ್ಕಿನ್ಯಾಗ ಬ್ಯಾರೆ ಅದರಿ" ಎಂದ. "ಬುಕ್ಕು ಬರೆದವರು ಕಲಬುರಗಿಯ ಬಿಸಿಲು ಕಂಡಿಲ್ಲ ತಮ್ಮಾ" ಎಂದು ಅವನ ಬಾಯಿ ಮುಚ್ಚಿಸಿದೆ. ಮೂವತ್ತೈದು ವರ್ಷ ಹುಡುಗರಿಗೆ 'ಮೂಲಪಾಠವನ್ನು ನೋಡದೆ ಮಾತಾಡಬೇಡಿ' ಎಂದು ಹೇಳುತ್ತ ಬಂದವನ ಬಾಯಿಂದ ಬಂದ ಮಾತಿದು! ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಬೆಳಿಗ್ಗೆ ಕಾರು ಹೂಡಿದೊಡನೆ ಎಂಜಿನ್ನಿನಲ್ಲಿ ಟಕಟಕ ಸದ್ದು, ಪೆಟ್ರೋಲಿನ ಖರ್ಚು ಹೆಚ್ಚು, ಕೊನೆಗೊಂದು ದಿನ ಹಳದಿ ದೀಪ. ಕವಾಟಗಳು ತೆರೆಯುವ ಹೊತ್ತನ್ನು ಎಣ್ಣೆಯ ಒತ್ತಡದಿಂದಲೇ ಹೊಂದಿಸುವ ಒಂದು ಸೂಕ್ಷ್ಮ ಭಾಗ ಈ ಕಾಲದ ಎಂಜಿನ್ನುಗಳಲ್ಲಿರುತ್ತದೆ, ಅದು ಕೆಟ್ಟಿತ್ತು. ತೆತ್ತ ಹಣ ಒಂದು ತಿಂಗಳ ಪಿಂಚಣಿಯನ್ನು ಮೀರಿತು. ತಪ್ಪು ಇನ್ನಾರದೂ ಅಲ್ಲ. ತಂದೆಯವರ ಸೂತ್ರ ಎಲ್ಲಿ ಸುಳ್ಳಾಯಿತೆಂದು ತಿಳಿಯುವ ಹಟದಿಂದ ನಾನು ಎಣ್ಣೆಯ ಚರಿತ್ರೆಯನ್ನು ಓದತೊಡಗಿದೆ.

ಆ ಚರಿತ್ರೆಯಲ್ಲಿ ನನಗೆ ಬಹಳ ಹಿಡಿಸಿದ್ದು 1883ರ ಒಂದು ಪ್ರಸಂಗ. ಇಂಗ್ಲೆಂಡಿನ ಯಂತ್ರಶಿಲ್ಪಿಗಳ ಸಂಸ್ಥೆಯ ಪರವಾಗಿ ಬೋಷಾಂ ಟವರ್ ಎಂಬಾತ ರೈಲುಗಾಡಿಯ ಅಚ್ಚಿನಂತಹದೊಂದನ್ನು ಎಣ್ಣೆಯ ತೊಟ್ಟಿಯಲ್ಲಿ ತಿರುಗಿಸಿ, ಮೇಲಿನಿಂದ ಹಿತ್ತಾಳೆಯ ಬೇರಿಂಗಿನ ಮೂಲಕ ಭಾರ ಹೇರಿ, ತಿಕ್ಕಾಟವನ್ನು ಅಳೆಯುತ್ತಿದ್ದ. ಎಣ್ಣೆ ಬಿಡಲೆಂದು ಹಿತ್ತಾಳೆಯ ನೆತ್ತಿಯಲ್ಲೊಂದು ತೂತು ಕೊರೆದರೆ, ಒಳಕ್ಕೆ ಹೋಗಬೇಕಾದ ಎಣ್ಣೆ ಹೊರಕ್ಕೆ ಉಕ್ಕತೊಡಗಿತು! ಬೆಂಡಿನ ಬಿರಡೆ ಹಾಕಿದ, ಹೊರಬಂತು. ಮರದ ಗೂಟ ಬಡಿದ. ಅದನ್ನೂ ಎಣ್ಣೆ ಮೆಲ್ಲಗೆ ಹೊರಕ್ಕೆ ನೂಕಿತು. ಒತ್ತಡಮಾಪಕವನ್ನು ಜೋಡಿಸಿದರೆ ಚದರ ಅಂಗುಲಕ್ಕೆ 200 ಪೌಂಡನ್ನೂ ಮೀರಿತ್ತು. ಅಂದರೆ ಲೋಹ ಲೋಹದ ಮೇಲೆ ಕೂತಿರಲೇ ಇಲ್ಲ. ತಿರುಗುವ ಅಚ್ಚು ತನ್ನೊಡನೆ ಎಣ್ಣೆಯನ್ನು ಸಂದಿಗೆ ಎಳೆದುಕೊಂಡು ಹೋಗುತ್ತದೆ; ಆ ಎಣ್ಣೆಯ ಪೊರೆಯೇ ಹೇರಿದ ಭಾರವನ್ನೆಲ್ಲ ಹೊತ್ತು ನಿಂತಿರುತ್ತದೆ. ಮೂರು ವರ್ಷಗಳ ಬಳಿಕ, 1886ರಲ್ಲಿ, ಆಸ್ಬರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತದ ವಿವರಣೆ ಕೊಟ್ಟ. ಅದಕ್ಕಾಗಿ ಆಲಿವ್ ಎಣ್ಣೆ ಕಾದಂತೆಲ್ಲ ಹೇಗೆ ತೆಳುವಾಗುತ್ತದೆಂದು ತಾನೇ ಅಳೆದು ನೋಡಿದ.

ಎಣ್ಣೆಯ ಈ ಮಂದತೆಗೆ ನಮ್ಮ ವಿಜ್ಞಾನದ ಪಠ್ಯಗಳು ಸ್ನಿಗ್ಧತೆ ಎಂಬ ಹೆಸರಿಟ್ಟಿವೆ. ಸಂಸ್ಕೃತದಲ್ಲಿ ಸ್ನೇಹವೆಂದರೆ ಒಲವೂ ಹೌದು, ಎಣ್ಣೆಯೂ ಹೌದು. ಪಾರಿಭಾಷಿಕ ಪದಗಳನ್ನು ಕಟ್ಟಿದವರನ್ನು ನಾವು ಹಾಸ್ಯ ಮಾಡುವುದೇ ಹೆಚ್ಚು. ಈ ಒಂದು ಪದಕ್ಕಾದರೂ ಅವರಿಗೆ ಕೈಮುಗಿಯಬೇಕು.

ನಮ್ಮ ಔಡಲ ಈ ಕಥೆಯಲ್ಲಿ ದೊಡ್ಡ ಪಾತ್ರವನ್ನೇ ವಹಿಸಿದೆ. 1899ರಲ್ಲಿ ಚಾರ್ಲ್ಸ್ ವೇಕ್‌ಫೀಲ್ಡ್ ಲಂಡನ್ನಿನಲ್ಲಿ ಎಣ್ಣೆಯ ವ್ಯಾಪಾರಕ್ಕಿಳಿದ. ಹತ್ತು ವರ್ಷಗಳ ಮೇಲೆ ಅವನ ಕಂಪೆನಿ ಮೋಟಾರು ಮತ್ತು ವಿಮಾನಗಳಿಗೆಂದು ಖನಿಜದೆಣ್ಣೆಗೆ ಔಡಲೆಣ್ಣೆ ಬೆರೆಸಿ ಮಾರಿತು. ಔಡಲಕ್ಕೆ ಇಂಗ್ಲಿಷಿನಲ್ಲಿ ಕ್ಯಾಸ್ಟರ್. ಎಣ್ಣೆಗಿಟ್ಟ ಹೆಸರು ಕ್ಯಾಸ್ಟ್ರಾಲ್. ಮೊದಲ ಮಹಾಯುದ್ಧದ ಅನೇಕ ವಿಮಾನಗಳಲ್ಲಿ ಸಿಲಿಂಡರುಗಳೇ ಗರಗರನೆ ಸುತ್ತುವ ವಿಚಿತ್ರ ಎಂಜಿನ್ನುಗಳಿದ್ದವು. ಅವುಗಳ ಒಡಲಿನೊಳಗೇ ಪೆಟ್ರೋಲು ಹಾದುಹೋಗುತ್ತಿದ್ದುದರಿಂದ, ಪೆಟ್ರೋಲಿನಲ್ಲಿ ಸುಲಭವಾಗಿ ಕರಗದ ಔಡಲೆಣ್ಣೆಯೇ ಅವಕ್ಕೆ ಬೇಕಾಯಿತು. ಒಮ್ಮೆ ಹಾಯ್ದ ಎಣ್ಣೆ ಹೊಗೆಯೊಡನೆ ಹೊರಬಿದ್ದು ಹಾರುವವನ ಮುಖಕ್ಕೇ ರಾಚುತ್ತಿತ್ತು. ಔಡಲೆಣ್ಣೆ ಹೊಟ್ಟೆಗಿಳಿದರೆ ಏನಾಗುತ್ತದೆಂಬುದನ್ನು ಅಜ್ಜಿಯ ಕೈಯಲ್ಲಿ ಅದನ್ನು ಕುಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕವು ಯುದ್ಧಕ್ಕಿಳಿದಾಗ ತನ್ನ ದಕ್ಷಿಣದ ಹೊಲಗಳಲ್ಲಿ ಔಡಲವನ್ನು ಬೆಳೆಯಲೆಂದು ಬೀಜವನ್ನು ತರಿಸಿಕೊಂಡದ್ದು ಭಾರತದಿಂದ.

ಆದರೆ ಔಡಲೆಣ್ಣೆ ಕಾದು ಕಾದು ಅಂಟಾಗುತ್ತದೆ, ಎಂಜಿನ್ನಿನ ಒಳಮೈಗೆ ಅರಗಿನಂತೆ ಕಟ್ಟುತ್ತದೆ. ಹೀಗಾಗಿ ಖನಿಜದೆಣ್ಣೆಯೇ ನಿಂತಿತು. ಅದರ ದೋಷ ಬೇರೆ: ಚಳಿಗೆ ಗಟ್ಟಿ, ಬಿಸಿಗೆ ನೀರು. ಅಮೆರಿಕದ ಮೋಟಾರು ಶಿಲ್ಪಿಗಳ ಸಂಘ 1911ರಲ್ಲಿ ಎಣ್ಣೆಗಳನ್ನು ಮಂದತೆಯ ಪ್ರಕಾರ ವಿಂಗಡಿಸಿ ಅಂಕಿ ಕೊಡುವ ಪದ್ಧತಿಯನ್ನು ತಂದಿತು. ಶೆಡ್ಡಿನ ಮಿಸ್ತ್ರಿಯ ನಲವತ್ತು ನಂಬರು ಆ ಮನೆತನದ ಕೂಸು. ಒಂದು ಎಣ್ಣೆಗೆ ಒಂದೇ ಅಂಕಿಯಿದ್ದ ಆ ಕಾಲದಲ್ಲಿ ಹವೆಯನ್ನು ನೋಡಿಯೇ ಎಣ್ಣೆಯನ್ನು ಆರಿಸಬೇಕಿತ್ತು. ಹಿಮ ಬೀಳುವ ದೇಶದವರು ಚಳಿಗಾಲಕ್ಕೆ ಮುಂಚೆ ಎಣ್ಣೆ ಬದಲಿಸುತ್ತಿದ್ದರು. ನಮಗೆ ಆ ಗೊಡವೆಯಿಲ್ಲ, ವರ್ಷವಿಡೀ ಮಂದ ಎಣ್ಣೆಯೇ ನಡೆಯಿತು. 1957ರಲ್ಲಿ ಬಂದು 2014ರವರೆಗೂ ತಯಾರಾಗುತ್ತಿದ್ದ ಅಂಬಾಸಿಡರ್, ನನ್ನ ಪದ್ಮಿನಿ ಇವೆಲ್ಲ ಆ ಕಾಲದ ವಿನ್ಯಾಸಗಳೇ. ಅವಕ್ಕೆ ಆ ಎಣ್ಣೆ ಒಗ್ಗಿತ್ತು. ಮಿಸ್ತ್ರಿ ಸುಳ್ಳು ಹೇಳಿರಲಿಲ್ಲ.

1950ರ ದಶಕದಲ್ಲಿ ಎರಡು ಅಂಕಿಯ ಎಣ್ಣೆಗಳು ಪೇಟೆಗೆ ಬಂದವು. ಸುರುಳಿ ಸುತ್ತಿಕೊಂಡು ಬಿದ್ದಿದ್ದು, ಕಾದಾಗ ಬಿಚ್ಚಿಕೊಂಡು ಎಣ್ಣೆಗೆ ಮೈ ಕೊಡುವ ಉದ್ದನೆಯ ಅಣುಗಳನ್ನು ಅದರಲ್ಲಿ ಬೆರೆಸಿರುತ್ತಾರೆ. ಡಬ್ಲ್ಯು ಎಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ಚಳಿಯಲ್ಲಿನ ನಡತೆಯನ್ನು ಹೇಳುತ್ತದೆ, ಮುಂದಿನ ಅಂಕಿ 100 ಡಿಗ್ರಿ ಸೆಲ್ಸಿಯಸ್ಸಿನಲ್ಲಿನ ಮಂದತೆಯನ್ನು. ನಾನು ಎಡವಿದ್ದು ಇಲ್ಲಿಯೇ. ನೂರು ಡಿಗ್ರಿಯೇ ಏಕೆ? ಓಡುವ ಎಂಜಿನ್ನಿನಲ್ಲಿ ಎಣ್ಣೆ ಹೆಚ್ಚುಕಡಿಮೆ ಅಷ್ಟು ಕಾದಿರುತ್ತದೆ, ಹೊರಗೆ ಹಿಮ ಬೀಳುತ್ತಿರಲಿ, ಕಲಬುರಗಿಯ ಬಿಸಿಲಿರಲಿ. ನೀರಿನಿಂದ ತಂಪಾಗುವ ಎಂಜಿನ್ನಿನಲ್ಲಿ ಥರ್ಮೋಸ್ಟಾಟ್ ಎಂಬ ಬಾಗಿಲು ಆ ಕಾವನ್ನು ಹದದಲ್ಲಿಡುತ್ತದೆ. ಬಂಡಿಯ ಅಚ್ಚಿಗೆ ತನ್ನದೇ ಕಾವು ಹೇಳಿಕೊಳ್ಳುವಷ್ಟಿಲ್ಲ, ಅದು ಊರ ಬಿಸಿಲಿಗೆ ಅಧೀನ. ಎಂಜಿನ್ನು ತನ್ನೊಳಗೇ ತನ್ನದೊಂದು ಹವೆಯನ್ನು ಕಟ್ಟಿಕೊಂಡಿದೆ.

ಇನ್ನೂ ಒಂದು ಮಾತಿದೆ. ನನ್ನ 20ಡಬ್ಲ್ಯು-50 ಎಣ್ಣೆ 40 ಡಿಗ್ರಿಯಲ್ಲಿ, ಅಂದರೆ ನಮ್ಮ ಮೇ ತಿಂಗಳ ನೆರಳಿನಲ್ಲಿ, ಓಡುವ ಎಂಜಿನ್ನಿನಲ್ಲಿರುವುದಕ್ಕಿಂತ ಎಂಟೊಂಬತ್ತು ಪಟ್ಟು ಮಂದವಾಗಿರುತ್ತದೆ. 5ಡಬ್ಲ್ಯು-30 ಎಣ್ಣೆಯ ಎರಡು ಪಟ್ಟಿಗೂ ಮಿಗಿಲು. ನಾವು ಬೆವರು ಒರೆಸಿಕೊಳ್ಳುತ್ತ ಕಾರು ಹೂಡುವ ಆ ಗಳಿಗೆ ಎಣ್ಣೆಯ ಪಾಲಿಗೆ ಚಳಿಗಾಲವೇ. ಎಂಜಿನ್ನಿನ ಬೇರಿಂಗುಗಳಲ್ಲಿ ಎಣ್ಣೆಗಿರುವ ಸಂದು ತಲೆಗೂದಲಿಗಿಂತ ಕಿರಿದು. ಮಂದ ಎಣ್ಣೆ ಅಲ್ಲಿಗೆ, ಅದಕ್ಕೂ ದೂರದ ಕವಾಟಗಳಿಗೆ, ತಡವಾಗಿ ತಲುಪುತ್ತದೆ. ನಾನು ಕೇಳಿದ ಟಕಟಕ ಅದೇ.

ಹಾಗೆಂದು ಬಿಸಿಲಿಗೆ ಲೆಕ್ಕವೇ ಇಲ್ಲವೆಂದಲ್ಲ. ಗಾಳಿಯಿಂದ ತಂಪಾಗುವ ಬೈಕು, ಸ್ಕೂಟರುಗಳ ಎಂಜಿನ್ನು ಹೊರಗಿನ ಸೆಕೆಯನ್ನು ನೇರವಾಗಿ ಉಣ್ಣುತ್ತದೆ. ಕಾರಿನಲ್ಲಿಯೂ ತುಂಬಿದ ಭಾರ, ಮಧ್ಯಾಹ್ನದ ಘಾಟಿ, ಏರ್‌ಕಂಡೀಷನರು ಎಲ್ಲ ಸೇರಿದರೆ ಎಣ್ಣೆ ನೂರನ್ನು ದಾಟಿ ಸಾಕಷ್ಟು ಮೇಲೇರುತ್ತದೆ. ಕೆಲವು ಕೈಪಿಡಿಗಳು 30 ಮತ್ತು 40 ಎರಡನ್ನೂ ಒಪ್ಪುವುದುಂಟು. ಆಗ ಬಿಸಿಲೂರಿನವರು ಧಾರಾಳವಾಗಿ 40ನ್ನು ಆರಿಸಿಕೊಳ್ಳಬಹುದು. ಕಾವು ಹತ್ತು ಡಿಗ್ರಿ ಏರಿದರೆ ಎಣ್ಣೆ ಕೆಡುವ ವೇಗ ಸುಮಾರು ಇಮ್ಮಡಿಯಾಗುತ್ತದೆಂದು ಎಂಜಿನಿಯರುಗಳ ಲೆಕ್ಕ. ಆದ್ದರಿಂದ ಸೆಕೆಯ, ಧೂಳಿನ ಊರಿನಲ್ಲಿ ಎಣ್ಣೆಯನ್ನು ಮಂದ ಮಾಡುವುದಕ್ಕಿಂತ ಬೇಗ ಬದಲಿಸುವುದೇ ಮೇಲು.

ಕಳೆದ ಬೇಸಿಗೆಯಲ್ಲಿ ರಾಯಚೂರಿನಿಂದ ತಮ್ಮನ ಮಗ ಫೋನು ಮಾಡಿದ. "ದೊಡ್ಡಪ್ಪಾ, ಬಿಸಿಲು ಭಾಳ ಅದ. ಕಾರಿಗೆ ಮಂದ ಆಯಿಲ್ ಹಾಕಿಸ್ಲೇನು? ಅಜ್ಜ ಹಂಗ ಅಂತಿದ್ದನಂತ." ಕೈಪಿಡಿ ಎಲ್ಲಿದೆಯೆಂದು ಕೇಳಿದೆ. ಡ್ರೈವರಿನ ಪಕ್ಕದ ಗೂಡಿನಲ್ಲಿ, ಪ್ಲಾಸ್ಟಿಕ್ಕಿನ ಹೊದಿಕೆಯನ್ನು ಹರಿಯದೆ, ವಿಮೆಯ ಕಾಗದಗಳ ಕೆಳಗೆ ಇದೆಯೆಂದ. ಅದನ್ನು ಹರಿದು ಎಣ್ಣೆಯ ಪುಟವನ್ನು ಓದಿ ಹೇಳೆಂದೆ. ತಡವರಿಸುತ್ತ, ಒಂದೊಂದೇ ಅಕ್ಷರ, ಒಂದೊಂದೇ ಅಂಕಿ ಓದತೊಡಗಿದ.